ದಾರದಲ್ಲಿ ಅಳೆದು ತರಿಸಿದ ಶಾಕ್ ಅಬ್ಸಾರ್ಬರ್

ಅರವತ್ತರ ದಶಕದಲ್ಲಿ ಹೊನ್ನಾವರದಲ್ಲಿ ನನ್ನದೊಂದು ರಿಪೇರಿ ಶೆಡ್ಡು ಇತ್ತು. ಬಿಡಿಭಾಗ ಬೇಕಾದರೆ ಹಳೆಯದನ್ನು ದಾರದಲ್ಲಿ ಅಳೆದು, ಅಳತೆಗೆ ಗಂಟು ಹಾಕಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಭಟ್ಕಳದ ಅಂಗಡಿಗೆ ಕಳಿಸುತ್ತಿದ್ದೆವು. ಸಂಜೆಯ ಬಸ್ಸಿಗೆ ಸಾಮಾನು ಬರುತ್ತಿತ್ತು. ಆ ದಾರವನ್ನು ನಾನು ದೇವರ ಹಾಗೆ ನಂಬಿದ್ದೆ.

ಅಕ್ಕನ ಗಂಡ, ನನ್ನ ಭಾವ, ಮಿಲಿಟರಿ ಹರಾಜಿನಲ್ಲಿ ಒಂದು ಜೀಪು, ಅದರ ಹಿಂದಿನ ಟ್ರೇಲರ್ ಹಿಡಿದಿದ್ದರು. ಇಳಿಜಾರಿನಲ್ಲಿ ಜೀಪು ನಿಧಾನವಾದರೆ ಟ್ರೇಲರ್ ಮುಂದಕ್ಕೆ ಒತ್ತುತ್ತದೆ. ಆ ಒತ್ತಿಗೆ ಕೊಕ್ಕೆಯ ಸರಳು ಒಳಗೆ ಸರಿದು ಟ್ರೇಲರಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಸರಳು ಧಡಕ್ಕನೆ ಸರಿಯದಿರಲೆಂದು ಅಲ್ಲೊಂದು ಶಾಕ್ ಅಬ್ಸಾರ್ಬರ್. ಅದರ ಎಣ್ಣೆಯೆಲ್ಲ ಸೋರಿಹೋಗಿತ್ತು. ಪೂರ್ತಿ ಚಾಚಿದಾಗಿನ ಉದ್ದ ಅಳೆದು ದಾರ ಕಳಿಸಿದೆ.

ಸಂಜೆ ಕಂಡಕ್ಟರ್ ದಾರದ ಜೊತೆ ಹೊಸದನ್ನು ಕೊಡುತ್ತ, "ಅಂಗಡಿ ಸಾಹೇಬ್ರು ಕೇಳ್ತಿದ್ರು, ಪೂರ್ತಿ ಒತ್ತಿದಾಗ ಎಷ್ಟು ಉದ್ದ ಅಂತ. ಅದ್ನೂ ನೋಡ್ಕಂಡೇ ಹಾಕ್ಬೇಕಂತೆ" ಎಂದ.

"ಅವ್ರಿಗೆ ಎಂತ ಗೊತ್ತು? ಗಲ್ಲಾಪೆಟ್ಟಿಗೆ ಮುಂದೆ ಕೂತವ್ರು ನಂಗೆ ಪಾಠ ಹೇಳ್ತ್ರಾ?" ಎಂದು ರೇಗಿದೆ. ದಾರ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೋಲ್ಟು ಬಿಗಿದೆ. ಟ್ರೇಲರಿನ ಕೈಬ್ರೇಕು ಎಳೆದೆ, ಗಾಲಿ ನಿಂತವು. ಕೈಬ್ರೇಕಿಗೂ ಆ ಸರಳಿಗೂ ಸಂಬಂಧವೇ ಇಲ್ಲವೆಂಬುದು ಹೊಳೆಯಲಿಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳ! "ಆತು ಭಾವ, ತಕಂಡು ಹೋಗಿ" ಎಂದೆ.

ಮರುದಿನ ಬೆಳಿಗ್ಗೆ ಭಾವ ಟ್ರೇಲರಿಗೆ ಹೆಂಚು ತುಂಬಿಕೊಂಡು ಹೊಳೆಯಾಚೆಯ ಮಂಕಿಗೆ ಹೊರಟರು. ಏಳು ತಿಂಗಳ ಬಸುರಿ ಅಕ್ಕ ಪಕ್ಕದಲ್ಲಿ ಕೂತಿದ್ದಳು. ಗಾಡಿಗಳನ್ನು ಶರಾವತಿ ದಾಟಿಸುವ ಜಂಗಲ್ ಹತ್ತಿಸಿ ಬರೋಣವೆಂದು ನಾನೂ ಸೈಕಲ್ ತುಳಿದೆ. ಜಂಗಲ್ ನಿಲ್ಲುವ ದಕ್ಕೆಯ ಇಳಿಜಾರಿನಲ್ಲಿ ಭಾವ ಬ್ರೇಕು ಒತ್ತಿದರು. ಟ್ರೇಲರ್ ನಿಲ್ಲಲಿಲ್ಲ. ಅಯ್ಯಯ್ಯೋ, ಅಷ್ಟೂ ಹೆಂಚಿನ ಭಾರ ಜೀಪನ್ನು ದೂಡಿಕೊಂಡೇ ಹೋಯಿತು! ನಾನು ಸೈಕಲ್ ಬಿಸಾಡಿ ಓಡಿದೆ. ಜೀಪಿನ ಮೂತಿ ಹೊಳೆಗೆ ನುಗ್ಗಿ ಕೆಸರಿನಲ್ಲಿ ಹೂತು ನಿಂತಿತು. ನೀರು ಅಕ್ಕನ ಮಡಿಲವರೆಗೆ ಬಂದಿತ್ತು.

ದೋಣಿಯವರು ಅವಳನ್ನು ಎತ್ತಿ ದಡಕ್ಕೆ ತಂದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಟ್ರೇಲರನ್ನು ಮೇಲೆಳೆದ ಮೇಲೆ ನಾನು ಹೊಸ ಶಾಕ್ ಬಿಚ್ಚಿ, ಕಲ್ಲಿಗೆ ಆನಿಸಿ ಒತ್ತಿದೆ. ನಾಲ್ಕು ಬೆರಳು ಒಳಗೆ ಹೋಗಿ ನಿಂತುಬಿಟ್ಟಿತು. ಹಳೆಯದು ಎಂಟು ಬೆರಳು ಹೋಗಿದ್ದನ್ನು ಬಿಚ್ಚುವಾಗ ಕಣ್ಣಾರೆ ನೋಡಿದ್ದೆ. ಸರಳು ಬ್ರೇಕಿನವರೆಗೆ ತಲುಪಿಯೇ ಇರಲಿಲ್ಲ.

ಭಾವ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಕ್ಕ ಒದ್ದೆ ಸೀರೆಯಲ್ಲಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದಳು:

"ಲೋಡ್ ಗಾಡಿ ಬ್ಯಾಡ, ಬಸ್ಸಿಗೆ ಬಾ ಅಂತ ನಿನ್ನ ಭಾವ ಹೇಳಿದ್ರು, ತಮಾ. ನಮ್ಮ ತಮ್ಮ ಮಾಡಿದ ಬ್ರೇಕು, ಎಂತ ಆಗ್ತದೆ ಅಂತ ನಾನೇ ಹಟ ಮಾಡಿ ಹತ್ತಿದ್ದೆ."