ಮನೆಯಿಂದ ಬೀಡಿ ಹೊರಗಿಟ್ಟ ಅಕ್ಕ

ಕಳೆದ ತಿಂಗಳು ಕಾರ್ಕಳದಿಂದ ಉಡುಪಿಗೆ ಬರುವಾಗ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಚೀಲದಿಂದ ಒದ್ದೆ ಬೀಡಿ ಎಲೆಯ ವಾಸನೆ ಬಂತು. ನೆನೆಸಿದ ಎಲೆ, ಜೊತೆಗೆ ಹೊಗೆಸೊಪ್ಪಿನ ಘಾಟು. ಈಗ ಬೀಡಿ ಕಟ್ಟುವವರು ಕಡಿಮೆ. ಆ ವಾಸನೆ ಮೂಗಿಗೆ ತಾಗದೆ ಎಷ್ಟೋ ಕಾಲವಾಗಿತ್ತು. ಉಡುಪಿಯಲ್ಲಿ ಇಳಿದವಳು ಬಂದ ಕೆಲಸ ಬಿಟ್ಟು ಕಾಪುವಿನ ಬಸ್ಸು ಹತ್ತಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನ ಶಾಲೆಗೆ ಟೀಚರಾಗಿ ಬಂದಿದ್ದೆ. ಘಟ್ಟದ ಮೇಲಿನವಳು, ತುಳು ಬಾರದು. ನೆರೆಮನೆಯ ಅಕ್ಕ ನನ್ನೊಡನೆ ಒಂದೊಂದೇ ಶಬ್ದ ಆರಿಸಿ ಕನ್ನಡ ಮಾತಾಡುತ್ತಿದ್ದಳು. ಅವಳ ಗಂಡ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವ. ಅವಳು ಮನೆಯಲ್ಲಿ ಕೂತು ಬೀಡಿ ಕಟ್ಟುವವಳು. ಕಟ್ಟಿದ್ದರಲ್ಲಿ ಸೊಟ್ಟಗಾದವು ಗಂಡನ ಪಾಲಿಗೆ. ಸೊಟ್ಟಗಾಗದವೂ ಅವನ ಪಾಲಿಗೇ ಹೋಗುತ್ತಿದ್ದವು.

ಒಂದು ಮಳೆಗಾಲ ಅವನ ಬಲಗಾಲಿನ ಬೆರಳು ಕಪ್ಪಾಯಿತು. ಮರದ ಸಿಪ್ಪೆ ತಾಗಿದ್ದು ಎಂದ. ನೋವಿಗೆ ಕಾಲು ಹಿಡಿದುಕೊಂಡು ಕೂರುವಂತಾದ ಮೇಲೆ ಅಕ್ಕ ಅವನನ್ನು ಮಣಿಪಾಲಕ್ಕೆ ಕರೆದೊಯ್ದಳು. ಜೊತೆಗೆ ನಾನೂ ಹೋದೆ. ಬೀಡಿಯ ಹೊಗೆಗೆ ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತಿವೆ, ಸೇದುವುದು ನಿಲ್ಲದಿದ್ದರೆ ಯಾವ ಮದ್ದೂ ಹಿಡಿಯುವುದಿಲ್ಲ ಎಂದರು ಡಾಕ್ಟರು. ಬೆರಳನ್ನು ತೆಗೆಯಬೇಕಾಯಿತು. ಪಕ್ಕದ ಮಂಚದಲ್ಲಿ ಅಜೆಕಾರಿನ ಕಡೆಯ ಒಬ್ಬರಿದ್ದರು. ಅವರಿಗೂ ಇದೇ ಕಾಯಿಲೆ, ಎರಡು ಕಾಲೂ ಹೋಗಿದ್ದವು. ಅಂಥವರೂ ನೋಡಲು ಬಂದವರ ಹತ್ತಿರ ಮೆಲ್ಲಗೆ ಬೀಡಿ ಕೇಳುತ್ತಿದ್ದರು. ಅಕ್ಕ ಅವರನ್ನು ಬಹಳ ಹೊತ್ತು ನೋಡಿದಳು.

ಮನೆಗೆ ಬಂದ ಗಂಡ ದೈವದ ಮುಂದೆ ಆಣೆ ಹಾಕಿದ. ಸ್ವಲ್ಪ ದಿನ ನಡೆಯಿತು. ಆಮೇಲೆ ಹಿತ್ತಿಲಲ್ಲಿ ಸೇದುತ್ತಾ ಸಿಕ್ಕಿಬಿದ್ದ. ಅಕ್ಕ ಬಯ್ಯಲಿಲ್ಲ. ಅವನೇ ರೇಗಿದನಂತೆ.

"ಮನೆ ತುಂಬ ಬೀಡಿ ಇಟ್ಟುಕೊಂಡು ಬಿಡಿ ಅಂತ ಹೇಳಿದರೆ ನಾನು ಹೇಗೆ ಬಿಡುವುದು ಮಾರಾಯ್ತಿ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಅವನು ಮರ ಹತ್ತದ ದಿನಗಳಲ್ಲಿ ಒಲೆ ಉರಿಯುತ್ತಿದ್ದುದು ಆ ಬೀಡಿಯಿಂದಲೇ. ಕಟ್ಟುವುದನ್ನು ಬಿಟ್ಟರೆ ಊಟವಿಲ್ಲ, ಬಿಡದಿದ್ದರೆ ಕಾಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಬೀಡಿ ಕಟ್ಟುವ ಮೊರದಂಥ ಗೆರಸೆ, ಎಲೆ, ನೂಲು, ಕತ್ತರಿ ಎಲ್ಲ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದಳು.

"ಟೀಚರೇ, ನಿಮ್ಮ ಜಗಲಿಯಲ್ಲಿ ಕೂತು ಕಟ್ಟಬಹುದಾ? ಇನ್ನು ನಮ್ಮ ಮನೆಯೊಳಗೆ ಒಂದು ಎಲೆಯೂ ಬರಬಾರದು ಅಂತ ಉಂಟು ನನಗೆ."

ಅಂದಿನಿಂದ ನನ್ನ ಜಗಲಿ ಅವಳದಾಯಿತು. ಸಂಜೆ ಕೆಲಸ ಮುಗಿಸಿ ನನ್ನ ಬಾವಿಕಟ್ಟೆಯಲ್ಲೇ ಮಿಂದು, ಬೇರೆ ಸೀರೆ ಉಟ್ಟು, ಒದ್ದೆ ಕೂದಲಲ್ಲಿ ಮನೆಗೆ ಹೋಗುತ್ತಿದ್ದಳು. ಹೊಗೆಸೊಪ್ಪಿನ ವಾಸನೆ ಸೀರೆಯಲ್ಲಿದ್ದರೂ ಗಂಡನಿಗೆ ಬೇಕೆನಿಸುತ್ತದೆ ಎಂದು. ಹುಣಸೆ ಬೀಜ ಹುರಿದು ಅವನ ಜೇಬಿಗೆ ತುಂಬುತ್ತಿದ್ದಳು, ಬಾಯಿ ಕೆರೆದಾಗ ಜಗಿಯಲಿಕ್ಕೆ. ಅವನು ಬಟ್ಟಲು ಎಸೆದ ಸದ್ದು ಕೇಳಿದ್ದೇನೆ. ಅವನು ಅತ್ತದ್ದೂ ಕೇಳಿದ್ದೇನೆ.

ಗಂಡನಿಗೊಬ್ಬ ಗೆಳೆಯ, ಅವನೂ ಕಳ್ಳು ಇಳಿಸುವವನೇ. ಸ್ನೇಹಕ್ಕೆಂದು ಗಡಂಗಿನಲ್ಲಿ ಬೀಡಿ ಚಾಚುತ್ತಿದ್ದ. ಕಳ್ಳಿನಂಗಡಿಗೆ ಹೆಂಗಸರು ಕಾಲಿಡುವ ಕಾಲವಲ್ಲ ಅದು. ಅಕ್ಕ ಹೋದಳು, ನಾನು ರಸ್ತೆಯಲ್ಲೇ ನಿಂತೆ. ಬೆಂಚಿನಲ್ಲಿ ಕೂತವರ ಎದುರು ಅವಳು ತುಳುವಿನಲ್ಲಿ ಹೇಳಿದ ಮಾತು, ಅಷ್ಟರಲ್ಲಾಗಲೇ ಅಲ್ಪಸ್ವಲ್ಪ ತುಳು ಕಲಿತಿದ್ದ ನನಗೂ ತಿಳಿಯಿತು:

"ಇವರಿಗೆ ಬೀಡಿ ಕೊಡುವವರು ಕಾಲು ಕತ್ತರಿಸುವ ದಿನವೂ ಬನ್ನಿ. ಹಿಡಿದುಕೊಳ್ಳಲಿಕ್ಕೆ ಜನ ಬೇಕಾಗುತ್ತದೆ."

ಗೆಳೆಯ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ತಲೆ ತಗ್ಗಿಸಿದ.

ಆಮೇಲೆ ಗಂಡ ಬೀಡಿ ಮುಟ್ಟಲಿಲ್ಲ. ಗಾಯ ಒಣಗಲು ಬೇಸಿಗೆಯಾಯಿತು. ಗಂಡ ಮತ್ತೆ ಮರ ಹತ್ತಿದ ದಿನ ಅಕ್ಕ ನೂಲು ಬಿಟ್ಟು ಅಂಗಳಕ್ಕಿಳಿದು ನಿಂತಿದ್ದಳು. ಅವನು ಕೆಳಗೆ ಬಂದ ಮೇಲೆ ಮತ್ತೆ ಬಂದು ಕೂತು, ಬಿಟ್ಟಿದ್ದ ಎಲೆಯನ್ನೇ ಕೈಗೆತ್ತಿಕೊಂಡಳು. ಕೆಲವು ತಿಂಗಳ ಮೇಲೆ ಆ ಗೆಳೆಯ ಜಗಲಿಯ ತುದಿಗೆ ಬಂದು ನಿಂತ.

"ಅಕ್ಕಾ, ಆ ಹುಣಸೆ ಬೀಜ ಸ್ವಲ್ಪ ಕೊಡ್ತೀರಾ?"

ಅವನಿಗೆ ರಾತ್ರಿಯಿಡೀ ಕೆಮ್ಮು. ಅವನ ಹೆಂಡತಿಯೂ ತನ್ನ ಗೆರಸೆ ಹಿಡಿದು ನನ್ನ ಜಗಲಿಗೆ ಬಂದಳು. ಆಮೇಲೆ ಇನ್ನೂ ಕೆಲವರು. ಆ ಮನೆಗಳ ಗಂಡಸರಲ್ಲಿ ಕೆಲವರು ಬಿಟ್ಟರು, ಹೆಚ್ಚಿನವರು ಬಿಟ್ಟು ಹಿಡಿದು ಬಿಟ್ಟು ಹಿಡಿದು ಕಾಲ ಕಳೆದರು. ಮತ್ತೆ ಶುರು ಮಾಡಿದವರನ್ನು ಅಕ್ಕ ಹೀಯಾಳಿಸಿದ್ದು ನಾನು ಕಂಡಿಲ್ಲ. "ನಾಳೆಯಿಂದ ನೋಡುವ" ಎಂದು ಬೀಜದ ಪೊಟ್ಟಣ ಕೊಡುತ್ತಿದ್ದಳು.

ಒಮ್ಮೆ ಕೇಳಿದೆ, "ಅಕ್ಕ, ನೀವು ಕಟ್ಟಿದ್ದನ್ನು ಎಲ್ಲೋ ಯಾರೋ ಸೇದುತ್ತಾರಲ್ಲ?"

ಅವಳ ಬೆರಳು ನಿಂತಿತು. "ಗೊತ್ತುಂಟು ಟೀಚರೇ. ಬೇರೆ ಎಂತ ಕಟ್ಟುವುದು, ಹೇಳಿ."

ಅವಳು ಮತ್ತೆ ನೂಲು ಸುತ್ತಿದಳು.

ಎಂಬತ್ತರ ದಶಕದ ನಡುವೆ ನನಗೆ ಕಾರ್ಕಳಕ್ಕೆ ವರ್ಗವಾಯಿತು. ಎರಡು ಮೂರು ವರ್ಷ ಕಳೆದಿರಬೇಕು... ಒಂದು ದಿನ ಅವಳ ಗಂಡ ಸುದ್ದಿ ಹೇಳಲಿಕ್ಕೆ ಶಾಲೆಯ ಗೇಟಿನಲ್ಲಿ ನಿಂತಿದ್ದ. ಉಬ್ಬಸ ಹೆಚ್ಚಾಗಿ ಅಕ್ಕ ತೀರಿಹೋಗಿದ್ದಳು. ಹೊಗೆಸೊಪ್ಪಿನ ಧೂಳು ಎಂದಿದ್ದರಂತೆ ಡಾಕ್ಟರು. ಒಂದು ಬೀಡಿಯನ್ನೂ ತುಟಿಗಿಟ್ಟವಳಲ್ಲ ಅವಳು.

ಕಳೆದ ತಿಂಗಳು ಕಾಪುವಿಗೆ ಹೋಗಿ ನೋಡಿದರೆ, ಅಕ್ಕನ ಮನೆಗೆ ಟೆರೇಸು ಬಂದಿದೆ. ನಾನಿದ್ದ ಮನೆ ಇಲ್ಲ. ಗೇಟು ತೆಗೆದದ್ದು ಅವಳ ಗಂಡನೇ, ತುಂಬ ಮುದುಕರಾಗಿದ್ದಾರೆ. ಮರ ಹತ್ತುವುದು ಬಿಟ್ಟು ಬಹಳ ಕಾಲವಾಯಿತಂತೆ. ಕಾಫಿ ಕೊಟ್ಟರು. ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದರು. ನನ್ನ ಮೊಣಕಾಲು ಸರಿಯಿಲ್ಲ, ನಿಂತು ನಿಂತು ನಡೆದೆ. ಅವರು ಮುಂದೆ ಮುಂದೆ ಹೋಗಿ, ತಿರುಗಿ ನನಗಾಗಿ ಕಾಯುತ್ತಿದ್ದರು. ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದರು. ಅದನ್ನು ಹೇಳಿಕೊಳ್ಳಬೇಕೆನಿಸಿದ್ದು ಅಕ್ಕನೊಬ್ಬಳ ಹತ್ತಿರವೇ, ಅವಳಿರಲಿಲ್ಲ.