ಅಕ್ಕನ ಕ್ವಾರಂಟೈನ್ ರೂಮು

ಹೋದ ಭಾನುವಾರ ಬ್ಯಾಡಗಿಯಲ್ಲಿ ನಮ್ಮಕ್ಕನ ಹೊಸ ಮನೆಯ ಗೃಹಪ್ರವೇಶ (ನಮ್ಮ ಕಡೆ ‘ಮನಿ ಓಪನಿಂಗ್’ ಅಂದರೇ ಸಮಾಧಾನ). ಎಲೆ ಹಾಕಿ ಹೋಳಿಗೆ ಬಡಿಸುವ ಹೊತ್ತಿಗೆ ಮನೆಯ ಯಜಮಾನತಿಯೇ ನಾಪತ್ತೆ!

ಅವಳನ್ನು ಆಮೇಲೆ ಹುಡುಕೋಣ. ಮೊದಲು ಮನೆ ನೋಡಿ.

ಕೊರೊನಾ ನಮ್ಮ ಮನೆಗಳನ್ನು ಏನು ಬದಲಿಸಿದೆ ಅಂತೀರಿ! ಹಾವೇರಿಯಲ್ಲಿ ಈಗ ಹೊಸ ಮನೆಯೆಂದರೆ ತಲೆಬಾಗಿಲ ಪಕ್ಕದಲ್ಲೇ ವಾಶ್ ಬೇಸಿನ್. (ಕೈಕಾಲು ತೊಳೆದು ಒಳಗೆ ಬಾ ಎಂದು ಅಜ್ಜಿ ಬೈದರೆ ಅದು ಮಡಿ, ಈಗ ಅದೇ ಇಂಟೀರಿಯರ್ ಡಿಸೈನ್.) ರಾಣೆಬೆನ್ನೂರಿನ ನನ್ನ ವಕೀಲ ಗೆಳೆಯ ವಿಡಿಯೋ ಕಾಲ್‌ನಲ್ಲಿ ಕಾಣುವ ಒಂದೇ ಗೋಡೆಗೆ ವಾಲ್‌ಪೇಪರ್ ಅಂಟಿಸಿದ್ದಾನೆ. ಉಳಿದ ಮೂರರ ಸುಣ್ಣ ಇನ್ನೂ ಉದುರುತ್ತಲೇ ಇದೆ.

ಅಕ್ಕನ ಕಥೆ ಬೇರೆ. ಅವಳದು ಹದಿನಾಲ್ಕು ಮಂದಿಯ ಮನೆ, ಮೆಣಸಿನಕಾಯಿ ವ್ಯಾಪಾರ. ಕೊರೊನಾ ಕಾಲದಲ್ಲಿ ಅವಳಿಗೆ ಪಾಸಿಟಿವ್ ಬಂದಾಗ ಚೀಲ ಇಡುವ ಕೋಣೆ ಖಾಲಿ ಮಾಡಿ ಅವಳನ್ನು ಒಳಗೆ ಕಳಿಸಿದರು. ಚೀಲ ಹೋದವು, ಘಾಟು ಹೋಗಲಿಲ್ಲ. ಕೆಮ್ಮು ರೋಗದ್ದೋ ಮೆಣಸಿನಕಾಯಿಯದ್ದೋ ಡಾಕ್ಟರಿಗೂ ತಿಳಿಯಲಿಲ್ಲ. ನಾವೆಲ್ಲ ಫೋನಿನಲ್ಲಿ ಅತ್ತಿದ್ದೇ ಅತ್ತಿದ್ದು.

ಅವಳು? ಒಳಗಿನಿಂದ ಚಿಲಕ ಹಾಕಿಕೊಂಡು ಹಾಯಾಗಿ ಮಲಗಿದ್ದಳು!

“ಖರೇ ಹೇಳ್ತೇನಿ ತಮ್ಮಾ, ಲಗ್ನ ಆದಮ್ಯಾಲೆ ಮೊದಲನೇ ಸಲ ಹೊತ್ತು ಏರಿದ ಮ್ಯಾಲೆ ಎದ್ದೆ” ಅಂದಳು ಆಮೇಲೆ.

ಹೋದ ವರ್ಷ ಎಂಜಿನಿಯರ್ ಹೊಸ ಮನೆಯ ಪ್ಲಾನ್ ತಂದ. ಭಾವನಿಗೆ ಆಫೀಸ್ ರೂಮ್. ಮಗಳಿಗೆ ಆನ್‌ಲೈನ್ ಕ್ಲಾಸಿನ ರೂಮ್. ದೇವರಿಗೂ ಒಂದು ಕೋಣೆ.

“ಮತ್ತ ನನಗ?” ಅಂದಳು ಅಕ್ಕ.

“ಅಷ್ಟು ದೊಡ್ಡ ಅಡಗಿಮನಿ ಕೊಟ್ಟೇವಲ್ಲ!” ಭಾವ ನಕ್ಕರು.

“ಅಡಗಿಮನಿಗೆ ಬಾಗಲಾನ ಇಲ್ಲಲ್ರಿ. ನನಗೊಂದು ಕ್ವಾರಂಟೈನ್ ರೂಮ್ ಬೇಕು. ಸಣ್ಣದಿದ್ರೂ ನಡೀತೈತಿ, ಒಳಗ ಚಿಲಕ ಇರಬೇಕು.”

“ಆ ರೋಗ ಹೋಗಿ ಎಷ್ಟೋ ವರ್ಷ ಆದುವು!”

“ರೋಗ ಹೋಗ್ಲಿ, ರೂಮ್ ನನಗ ಬಿಟ್ಟು ಹೋಗ್ಲಿ.”

ಪ್ಲಾನಿನಲ್ಲಿ ಉಳಿದಿದ್ದ ಒಂದೇ ಮೂಲೆ ಭಾವನಿಗೆ ಸ್ಟೋರ್ ರೂಮಿಗೆ ಬೇಕಿತ್ತು. ಅವರು ಜಗ್ಗಲಿಲ್ಲ. ಅಕ್ಕ ಪ್ಲಾನಿನ ಹಾಳೆ ಮಡಚಿಟ್ಟಳು.

“ಹಂಗಾರ ಹೊಸಾ ಮನಿಗೆ ನೀವ ಹೋಗ್ರಿ. ನಾ ಆ ಚೀಲದ ಖೋಲ್ಯಾಗ ಇರ್ತೇನಿ.”

ದನಿ ಏರಿಸಲಿಲ್ಲ, ನಗಲೂ ಇಲ್ಲ. ಎಂಜಿನಿಯರ್ ತೆಪ್ಪಗೆ ಪೆನ್ಸಿಲ್ ತೆಗೆದು ಹೊಸ ಗೆರೆ ಎಳೆದ.

ಹತ್ತಡಿ ಎಂಟಡಿಯ ಕೋಣೆ. ಒಂದು ಕಿಟಕಿ, ಒಂದು ಮಂಚ, ಒಂದೇ ಕುರ್ಚಿ. ಎರಡನೆಯದು ಯಾಕೆ ಬೇಕು ಅಂದಳಂತೆ! ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ನು ಎಲ್ಲ ಇದರ ಮುಂದೆ ಯಾವ ಲೆಕ್ಕ?

ಆ ಭಾನುವಾರ ಬೆಳಗಿನ ಜಾವ ಎದ್ದು ಪೂಜೆ, ಹೋಮ, ಬಂದವರ ಉಪಚಾರ ಮುಗಿಸಿದ್ದ ಅಕ್ಕ ಊಟದ ಹೊತ್ತಿಗೆ ಆ ಕೋಣೆಯಲ್ಲೇ ಇದ್ದಳು. ಹುಡುಕುತ್ತ ಬಂದ ಭಾವ ಬಾಗಿಲು ನೂಕಿದರು. ಅದು ತೆರೆಯಲಿಲ್ಲ. ಬೀಗರೆಲ್ಲ ತಿರುಗಿ ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ನೂಕಿದ ಕೈಯನ್ನು ಹಿಂದಕ್ಕೆ ತೆಗೆದರು. ಗಂಟಲು ಸರಿಮಾಡಿಕೊಂಡರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಹೆಂಡತಿಯ ಬಾಗಿಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಡಿದರು.

“ಒಳಗ ಬರಲೇನು?”

ಒಳಗಿನಿಂದ ಅಕ್ಕ ಹೇಳಿದಳು: “ಸ್ವಲ್ಪ ತಡೀರಿ.”