ಒಂದು ಅಮಾವಾಸ್ಯೆ ಕಾಯುತ್ತಿದ್ದ ಮೇಷ್ಟ್ರು

ಮೊನ್ನೆ ಹಿರಿಯೂರಿನಿಂದ ಹೊಸದುರ್ಗಕ್ಕೆ ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನ ಬಾಣಂತಿಯ ಮಡಿಲಲ್ಲಿದ್ದ ಕೂಸಿನಿಂದ ಬಜೆಯ ವಾಸನೆ ಬಂತು. ಕೈಗೆ ಬಜೆ ಬೇರಿನ ಮಣಿ ಕಟ್ಟಿದ್ದರು. ಬಜೆ ಎಂದರೆ ಎಲ್ಲರಿಗೂ ಎಳೆಮಕ್ಕಳ ನೆನಪು, ನನಗೆ ಮಾತ್ರ ನಮ್ಮ ಮೇಷ್ಟ್ರ ನೆನಪು... ಹುಳು ಬೀಳಬಾರದೆಂದು ಅವರು ಪ್ರತಿ ಬೀರುವಿನಲ್ಲೂ ಬಜೆ ತುಂಡುಗಳ ಗಂಟು ಇಡುತ್ತಿದ್ದರು. ಜೇಬಿನಲ್ಲೂ ಒಂದೆರಡು ತುಂಡು ಇದ್ದೇ ಇರುತ್ತಿದ್ದವು. ಅವರು ಬಾಗಿಲಿಗೆ ಬಂದರೆ ನನಗೆ ತಲೆಯೆತ್ತದೆಯೇ ತಿಳಿಯುತ್ತಿತ್ತು.

ಹೊಸದುರ್ಗದ ಹಳೇ ಹತ್ತಿ ಗೋದಾಮಿನಲ್ಲಿ ಊರಿನ ನಾಲ್ಕು ಜನ ಸೇರಿ ಮಾಡಿದ ಸಣ್ಣ ವಸ್ತುಸಂಗ್ರಹಾಲಯ ನಮ್ಮದು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರು ಅದನ್ನು ನೋಡಿಕೊಳ್ಳುತ್ತಿದ್ದರು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಅವರ ಕೈಕೆಳಗೆ ಸೇರಿದ್ದೆ. ಮಧ್ಯಾಹ್ನ ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿದು, ದೂಳು ಮೆಲ್ಲಗೆ ಸುತ್ತುತ್ತಾ, ಸೇರು ಪಾವು ತಾಳೆಗರಿಗಳೆಲ್ಲ ನೀರಿನೊಳಗಿದ್ದಂತೆ ಕಾಣುತ್ತಿದ್ದವು. ಎಚ್ಚರವಾಗಿದ್ದೇನೆಯೋ ನಿದ್ದೆಯಲ್ಲಿದ್ದೇನೆಯೋ ಎಷ್ಟೋ ಸಲ ನನಗೇ ಗೊತ್ತಾಗುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಮನೆಗಳಿಗೆ ಸುಣ್ಣ ಹೊಡೆಯುವ ಕಾಲ ಬಂತೆಂದರೆ ಸಾಕು, ನಮ್ಮಲ್ಲಿ ದಾನಿಗಳ ಸಾಲು. ಅಟ್ಟದ ಕಸವೆಲ್ಲ ರಾತ್ರೋರಾತ್ರಿ ಇತಿಹಾಸವಾಗಿಬಿಡುತ್ತಿತ್ತು. ಒನಕೆ ತಂದವರಂತೂ, ಕೋಟೆ ಕಾಯ್ದ ಒನಕೆಯೇ ಇದು ಎಂದು ಆಣೆ ಮಾಡುತ್ತಿದ್ದರು. ಮೇಷ್ಟ್ರು ನಗದೆ, ಅಂಥವು ಆಗಲೇ ಏಳು ಇವೆ ಎಂದು ಹೇಳಿ ಟೀ ಕುಡಿಸಿ ಕಳಿಸುತ್ತಿದ್ದರು. ಬೇಕೆನಿಸಿದ್ದನ್ನೂ ಕೂಡಲೇ ತೆಗೆದುಕೊಳ್ಳುವವರಲ್ಲ. ಎಷ್ಟು ಹಳೆಯದು ಎನ್ನುವ ಮುಂಚೆ, ಮನೆಯವರಿಗೆಲ್ಲ ಹೇಳಿ ತಂದಿದ್ದೀರಾ ಎಂದು ಕೇಳುವರು. ಆಮೇಲೆ ಅದು ಜಗಲಿಯ ಬೆಂಚಿನ ಮೇಲೆ ಒಂದು ಅಮಾವಾಸ್ಯೆ ಕಳೆಯುವವರೆಗೆ ಇರಬೇಕು. ಅಷ್ಟರಲ್ಲಿ ಮನೆಯವರು ಯಾರಾದರೂ ಹುಡುಕಿಕೊಂಡು ಬಂದರೆ ವಾಪಸ್. ಬಾರದಿದ್ದರೆ ಮಾತ್ರ ರಿಜಿಸ್ಟರು, ನಂಬರು. ನಂಬರು ಬಿದ್ದ ವಸ್ತುವನ್ನು ಹಿಂದಿರುಗಿಸುವಂತಿಲ್ಲ ಎಂಬುದು ಆ ನಾಲ್ವರ ಸಮಿತಿಯ ಕಟ್ಟಳೆ. ಈ ಅಮಾವಾಸ್ಯೆ ಕಾಯುವುದು ಎಂಥ ಅಜ್ಜಿ ಶಾಸ್ತ್ರ ಎಂದು ನನಗೆ ಒಳಗೊಳಗೇ ಉರಿ. ವಯಸ್ಸೇ ಹಾಗಿತ್ತು.

ಮೇಷ್ಟ್ರು ಮಗಳ ಮನೆಗೆಂದು ಹೊಳಲ್ಕೆರೆಗೆ ಹೋಗಿದ್ದ ವಾರ, ಬಾಗೂರಿನ ಕಡೆಯ ಹಟ್ಟಿಯಿಂದ ನಡುವಯಸ್ಸಿನ ಗಂಡಸೊಬ್ಬ ಕರಿಕಂಬಳಿಯೊಂದನ್ನು ತಂದ. ಕುರಿ ಸಾಕುವ ಮನೆತನ. ಮುತ್ತಜ್ಜ ತಾನೇ ಉಣ್ಣೆ ನೂತು ನೇಯಿಸಿದ್ದಂತೆ. ಮುಟ್ಟಿದರೆ ಒರಟು, ಅಂಚಿನಲ್ಲಿ ಮಾಸಿದ ಕೆಂಪು... ನನಗೆ ತಡೆಯಲಾಗಲಿಲ್ಲ. ಬೆಂಚೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಅಂದೇ ಬಟ್ಟೆಯ ಪಟ್ಟಿಯ ಮೇಲೆ ನಂಬರು ಬರೆದು ಮೂಲೆಗೆ ಹೊಲಿದು ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ಅತಿ ಆಸೆ ಗತಿ ಕೇಡು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಹದಿನೈದು ದಿನಕ್ಕೆ, ಇನ್ನೂ ಅಮಾವಾಸ್ಯೆ ಕಳೆಯುವ ಮುಂಚೆಯೇ, ಅವನ ಅವ್ವ ಹುಡುಕಿಕೊಂಡು ಬಂದರು. ಪೆಟ್ಟಿಗೆಯ ಮುಂದೆ ನಿಂತು ಗಾಜಿನ ಮೇಲೆ ಅಂಗೈ ಇಟ್ಟರು. ಅವರ ಮನೆಯಲ್ಲಿ ಯಾರ ಮದುವೆಯಾದರೂ ಈ ಕಂಬಳಿ ಹಾಸಿ ಗದ್ದಿಗೆ ಮಾಡಿ, ಅದರ ಮೇಲೇ ಹೆಣ್ಣು ಗಂಡನ್ನು ಕೂರಿಸಬೇಕು. ನಾಳಿದ್ದು ಮೊಮ್ಮಗಳ ಮದುವೆ. ಮನೆಗೆ ಸುಣ್ಣ ಹೊಡೆಸುವಾಗ ಮಗ ಇದನ್ನು ಕಂಡು, ಹುಳು ತಿಂದಿದೆ, ಹೊಸದು ಕೊಂಡರಾಯಿತು ಎಂದು ಹೆಂಗಸರಿಗೆ ಹೇಳದೆ ನಮಗೆ ತಂದುಕೊಟ್ಟಿದ್ದ.

"ನಮ್ಮ ಹಿರೇರೆಲ್ಲ ಇದರ ಮ್ಯಾಲೇ ಕುಂತು ಮದ್ವೆ ಆದೋರು ತಾಯಿ. ಈಗ ಹುಡುಗಿನ ಬರೀ ನೆಲದ ಮ್ಯಾಲೆ ಕುಂದ್ರುಸ್ಲಾ?" ಎಂದರು ಅಜ್ಜಿ.

ಕೊಟ್ಟರೆ ಕೆಲಸ ಹೋಗುತ್ತದೆ. ಕೊಡದಿದ್ದರೆ... ಅಷ್ಟರಲ್ಲಿ, ಹೊಳಲ್ಕೆರೆಯಿಂದ ಮರಳಿದ್ದ ಮೇಷ್ಟ್ರು ಒಳಗಿನಿಂದ ಬಂದರು. ನನ್ನತ್ತ ಒಮ್ಮೆ ನೋಡಿದರು, ಬೈದಿದ್ದರೇ ಚೆನ್ನಾಗಿತ್ತು. ಪೆಟ್ಟಿಗೆ ತೆರೆದು, ಕಂಬಳಿ ಮಡಿಸಿ ಅಜ್ಜಿಯ ಕೈಗಿತ್ತರು. ಆಮೇಲೆ ರಿಜಿಸ್ಟರಿನಲ್ಲಿ, ಪ್ರದರ್ಶನಕ್ಕಾಗಿ ಮೂರು ದಿನ ಹೊರಗೆ ಕಳಿಸಿದೆ ಎಂದು ಬರೆದರು. ಪ್ರದರ್ಶನದ ಸ್ಥಳ, ಮದುವೆ ಚಪ್ಪರ. ತಪ್ಪು ನನ್ನದು, ಕೆಳಗಿನ ಸಹಿ ಅವರದು.

"ಮದ್ವೆ ಮುಗಿಸ್ಕಂಡು ತಂದ್ಕೊಡ್ರಿ ಅಮ್ಮಾ. ಮುಂದಿನ ಮದ್ವೆಗೂ ಬಂದು ತಗಂಡು ಹೋಗ್ರಿ," ಎಂದರು.

ನಾಲ್ಕನೇ ದಿನ ಕಂಬಳಿ ಬಂತು. ಎಳೆಗಳ ನಡುವೆ ಅಕ್ಷತೆ, ಅರಿಶಿನದ ಕಲೆ, ಒಲೆ ಹೊಗೆಯ ವಾಸನೆ. ಅಕ್ಕಿಕಾಳನ್ನು ಉದುರಿಸಲು ಹೋದರೆ ಮೇಷ್ಟ್ರು ಬಿಡಲಿಲ್ಲ. ಆಮೇಲೆ ಅದು ಎಷ್ಟು ಮದುವೆಗೆ ಹೋಗಿ ಬಂತೋ ನಾನು ಎಣಿಸಲಿಲ್ಲ. ಅದು ಇಲ್ಲದ ದಿನಗಳಲ್ಲಿ ಖಾಲಿ ಪೆಟ್ಟಿಗೆಯೊಳಗೆ ಇಣುಕುವ ಶಾಲೆಯ ಮಕ್ಕಳಿಗೆ, ಕಂಬಳಿ ಮದುವೆಗೆ ಹೋಗಿದೆ ಎಂದು ಮೇಷ್ಟ್ರು ಗಂಭೀರವಾಗಿ ಹೇಳುವರು. ಮಕ್ಕಳು ನಂಬುತ್ತಿದ್ದರು. ಆ ಮಧ್ಯಾಹ್ನದ ಬೆಳಕಿನಲ್ಲಿ ನಾನೂ ನಂಬುತ್ತಿದ್ದೆ, ಅದು ತಾನೇ ಎದ್ದು ದಾರಿ ಹಿಡಿದು ಹೋಗಿದೆಯೆಂದು...

ಅಜ್ಜಿ ಹೋದರು. ಕೆಲ ವರ್ಷಕ್ಕೆ ಮೇಷ್ಟ್ರೂ ಹೋದರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಈ ವೈಶಾಖದಲ್ಲಿ ಆ ಮನೆಯಿಂದ ಲಗ್ನಪತ್ರಿಕೆ ಬಂತು. ಕಂಬಳಿಯನ್ನು ಬಿಸಿಲಿಗೆ ಹಾಕಿ, ಮಡಿಸಿ ಮೇಜಿನ ಮೇಲಿಟ್ಟು ಕಾದೆ. ಮದುವೆಯ ಹಿಂದಿನ ದಿನ ಸಂಜೆಯಾದರೂ ಯಾರೂ ಬರಲಿಲ್ಲ. ತಡೆಯಲಾರದೆ ಫೋನ್ ಮಾಡಿದೆ. ಅಂದು ಕಂಬಳಿ ತಂದುಕೊಟ್ಟಿದ್ದ ಮಗನೇ ಎತ್ತಿದರು. ದನಿಗೆ ವಯಸ್ಸಾಗಿತ್ತು.

"ಛತ್ರದಾಗೆ ಸೋಫಾ ಹಾಕ್ಸಿದೀವಿ ಮೇಡಂ. ಅದು ನಿಮ್ಮತ್ರನೇ ಇರ್ಲಿ ಬಿಡ್ರಿ," ಎಂದರು. ಊಟಕ್ಕೆ ತಪ್ಪದೆ ಬರಬೇಕೆಂದು ಎರಡೆರಡು ಸಲ ಕರೆದರು.

ಅವರದೇನು ತಪ್ಪು? ಫೋನಿಟ್ಟೆ. ಆಮೇಲೆ ಕಂಬಳಿಯನ್ನು ಪೆಟ್ಟಿಗೆಯಲ್ಲಿಟ್ಟು ಗಾಜು ಮುಚ್ಚಿದೆ. ನಾನು ಅಂದು ಆತುರಪಟ್ಟು ಕಸಿದುಕೊಂಡದ್ದು ಇಂದು ನಿಜವಾಗಿ ಸಂಗ್ರಹಾಲಯದ ಸ್ವತ್ತಾಯಿತು, ನನಗೋ ಅಳು ಬಂತು. ಮೇಷ್ಟ್ರೇ, ಇನ್ನು ಇದನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳೋಣವೆಂದರೆ ಅವರೂ ಇಲ್ಲ.